ಶಾಂತವೇರಿ ಗೋಪಾಲಗೌಡರು: ನಾನು ತಿಳಿದಷ್ಟು

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಮೇಷ್ಟ್ರೇ ಎಂದು ಸಮಿತಿಯ ಹುಡುಗರು ಮನೆಗೆ ಬಂದಿದ್ದರು. ಹುಡುಗರು ಎಂದರೆ ನನ್ನ ಬಾಯಿಗೆ ಮಾತ್ರ. ಅವರಲ್ಲಿ ಇಬ್ಬರಿಗೆ ಆಗಲೇ ಮೊಮ್ಮಕ್ಕಳಾಗಿದ್ದಾರೆ. ಹಳೆಯ ನೆನಪುಗಳನ್ನು ಬರೆಯುವವರು ಬಹಳ ಮಂದಿ ಇರುತ್ತಾರೆ, ನಾನು ಸಮಾಜ ವಿಜ್ಞಾನದ ಮೇಷ್ಟ್ರು, ಒಬ್ಬ ದೊಡ್ಡವರ ಜೀವನ ಬರೆದುಕೊಡುತ್ತೇನೆ ಎಂದೆ. ಗಾಂಧೀಜಿಯೋ ವಿಶ್ವೇಶ್ವರಯ್ಯನವರೋ ಇರಬೇಕು ಎಂದು ಅವರು ಅಂದುಕೊಂಡಿದ್ದರು. ಗೋಪಾಲಗೌಡರು ಎಂದಾಗ ಒಬ್ಬನು, ಆ ಸರ್ಕಲ್ ಇದೆಯಲ್ಲಾ ಅವರೇನಾ ಎಂದು ಕೇಳಿದ.

ಅವರೇ. ಕೆಂಗೇರಿ ಕಡೆಯಿಂದ ಶಿವಾಜಿನಗರಕ್ಕೆ ಬಸ್ಸಿನಲ್ಲಿ ಹೋಗಿ ಬಂದವರಿಗೆಲ್ಲ ಆ ಹೆಸರು ಗೊತ್ತು. ವಿಧಾನಸೌಧದ ಪಕ್ಕ, ಎಂ.ಎಸ್. ಬಿಲ್ಡಿಂಗಿನ ಹತ್ತಿರ, ಬಸ್ಸು ನಿಂತರೆ ಬೇಗ ಹೊರಡದ ಒಂದು ಸಿಗ್ನಲ್ಲು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂಬತ್ತನೇ ತರಗತಿಯವರನ್ನು ವಿಧಾನಸೌಧ ನೋಡಲು ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗಿ ಆ ಬೋರ್ಡು ಓದಿ, ಅವರು ಯಾರು ಸಾರ್ ಎಂದು ಕೇಳಿದಳು. ಸ್ವಾತಂತ್ರ್ಯ ಹೋರಾಟಗಾರರು ಎಂದು ಹೇಳಿ ಮಾತು ಮುಗಿಸಿದೆ. ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚು ನನಗೇ ತಿಳಿದಿರಲಿಲ್ಲ. ಆ ನಾಚಿಕೆಗೆ ಅವರ ಬಗ್ಗೆ ಓದಲು ಶುರು ಮಾಡಿದವನು, ಆಮೇಲೆ ಬಿಡಲಿಲ್ಲ.

ಇನ್ನೊಂದು ಕಾರಣವೂ ಇದೆ. ನಮ್ಮ ಶಾಲೆ ಶುರುವಾದದ್ದು 1973ರ ಜೂನ್‌ನಲ್ಲಿ, ಅಂದರೆ ಮೈಸೂರು ರಾಜ್ಯದಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಆ ಹೆಸರು ಬೇಕು ಎಂದು ಪಟ್ಟು ಹಿಡಿದವರಲ್ಲಿ ಗೋಪಾಲಗೌಡರು ಒಬ್ಬರು. ಅವರು ಹುಟ್ಟಿದ್ದು 1923ರಲ್ಲಿ. ಹೀಗೆ 2023ಕ್ಕೆ ಶಾಲೆಗೆ ಐವತ್ತು, ನಾಡಿನ ಹೆಸರಿಗೆ ಐವತ್ತು, ಅವರಿಗೆ ನೂರು ತುಂಬಿತು.

ಅವರ ಊರು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆರಗ. ಹುಟ್ಟಿದ ದಿನ ಮಾರ್ಚ್ 14. ಬಡತನದ ಮನೆ. ಮಲೆನಾಡು ಎಂದರೆ ನಮಗೆ ಮಳೆ, ಅಡಿಕೆ ತೋಟ, ಜೋಗ ಜಲಪಾತ. ಆ ಕಾಲದಲ್ಲಿ ಅಲ್ಲಿಯ ಬಹುಪಾಲು ಜನಕ್ಕೆ ಮಲೆನಾಡು ಎಂದರೆ ಗೇಣಿ. ಗದ್ದೆ ಒಬ್ಬರದು, ಬೆವರು ಇನ್ನೊಬ್ಬರದು. ಸುಗ್ಗಿಯಲ್ಲಿ ಗದ್ದೆಯ ಒಡೆಯನಿಗೆ ಇಷ್ಟು ಖಂಡುಗ ಭತ್ತ ಎಂದು ಅಳೆದು ಕೊಡಬೇಕು. ಮಳೆ ಹೆಚ್ಚಾಗಿ ಪೈರು ಹೋದರೂ ಕೊಡಬೇಕು. ಜೊತೆಗೆ ಒಡೆಯರ ಮನೆಯ ಬಿಟ್ಟಿ ಚಾಕರಿ. ಒಡೆಯ ಬೇಡ ಎಂದ ದಿನ ಗದ್ದೆ ಬಿಟ್ಟು ಏಳಬೇಕು, ಯಾಕೆಂದರೆ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಬಾಲಕ ಗೋಪಾಲ ಬೆಳೆದದ್ದು ಇದರ ನಡುವೆ.

ತೀರ್ಥಹಳ್ಳಿಯಲ್ಲಿ ಓದುತ್ತಿರುವಾಗಲೇ 1942ರ ಚಲೇಜಾವ್ ಚಳವಳಿ ಬಂತು. ಆ ವರ್ಷ ಶಿವಮೊಗ್ಗ ಜಿಲ್ಲೆ ಕೆಂಡವಾಗಿತ್ತು. ಶಿಕಾರಿಪುರ ತಾಲ್ಲೂಕಿನ ಈಸೂರು ತನಗೆ ತಾನೇ ಸ್ವತಂತ್ರ ಎಂದು ಸಾರಿಕೊಂಡಿದ್ದು ಆಗಲೇ. ಗೋಪಾಲಗೌಡರು ಚಳವಳಿಗೆ ಧುಮುಕಿ ಜೈಲು ಕಂಡರು. ಆಮೇಲೆ ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ಓದಿದರೂ ಮನಸ್ಸು ಪರೀಕ್ಷೆಗಳಲ್ಲಿ ಇರಲಿಲ್ಲ. ಜಯಪ್ರಕಾಶ ನಾರಾಯಣರು, ರಾಮಮನೋಹರ ಲೋಹಿಯಾ ಅವರ ವಿಚಾರಗಳು ಹಿಡಿದಿದ್ದವು.

ನಮ್ಮ ಸೀಮೆಯಲ್ಲಿ ಸ್ವಾತಂತ್ರ್ಯ ಬಂದದ್ದು ಸ್ವಲ್ಪ ತಡವಾಗಿ ಎಂದು ತರಗತಿಯಲ್ಲಿ ಹೇಳಿದ್ದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಮೈಸೂರು ಚಲೋ ನಡೆದು, 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ದಿವಾನರ ಆಡಳಿತ ಹೋಗಿ ಜನರ ಮಂತ್ರಿಗಳು ಬಂದರು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರಬಂದು ಬೇರೆ ಪಕ್ಷ ಕಟ್ಟಿದರು, ಗೋಪಾಲಗೌಡರು ಅವರ ಜೊತೆಯಲ್ಲಿ ನಿಂತರು. ದಿವಾನರ ಕುರ್ಚಿಯಲ್ಲಿ ನಮ್ಮವರು ಕೂತಮೇಲೆ ಇನ್ನೇನು ಜಗಳ ಎಂದು ಬಹಳ ಜನಕ್ಕೆ ಅನ್ನಿಸಿದ್ದ ಕಾಲ ಅದು. ಕುರ್ಚಿ ಬದಲಾಗಿದೆ, ಗದ್ದೆಯಲ್ಲಿ ಏನೂ ಬದಲಾಗಿಲ್ಲ ಎಂಬುದು ಈ ಇಪ್ಪತ್ತೈದು ವರ್ಷದ ಹುಡುಗನಿಗೆ ಕಂಡಿತು. ಹಾಗೆ ಕಂಡದ್ದಕ್ಕೆ ದೊಡ್ಡ ಪುಸ್ತಕ ಓದಬೇಕಾಗಿರಲಿಲ್ಲ. ಆರಗದಿಂದ ಬಂದವರಿಗೆ ಸಾಕು.

ಈಗ ಕಾಗೋಡಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರ್ ದೂರ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಎಂಬ ಹಳ್ಳಿ. ಜಮೀನು ಒಡೆಯರ ಮನೆತನದ್ದು. ಗೇಣಿದಾರರು ಹೆಚ್ಚಾಗಿ ದೀವರು. ಜಗಳ ಶುರುವಾದದ್ದು ಒಂದು ಕೊಳಗದಿಂದ. ನಮ್ಮೂರಿನ ಹಿರಿಯರಿಗೆ ಕೊಳಗ ವಿವರಿಸಬೇಕಾಗಿಲ್ಲ, ಕಣದಲ್ಲಿ ರಾಗಿ ಅಳೆದವರೇ. ಮಕ್ಕಳಿಗೆ ಹೇಳುವುದಾದರೆ, ಅದು ಧಾನ್ಯ ಅಳೆಯುವ ಪಾತ್ರೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಸರ್ಕಾರದ ಅಳತೆಯ ಕೊಳಗ ಒಂದು, ಗೇಣಿ ಅಳೆದುಕೊಳ್ಳುವಾಗ ಒಡೆಯರು ಇಡುವ ಕೊಳಗ ಇನ್ನೊಂದು. ಎರಡನೆಯದು ದೊಡ್ಡದು. ತರಗತಿಯಲ್ಲಿ ನಾನು ಈ ಲೆಕ್ಕ ಮಾಡಿಸುತ್ತಿದ್ದೆ: ಗೇಣಿ ಇಪ್ಪತ್ತು ಖಂಡುಗ ಎಂದಿಟ್ಟುಕೊಳ್ಳಿ, ಅಂದರೆ 400 ಕೊಳಗ. ಪಾತ್ರೆ ಅರ್ಧ ಸೇರು ದೊಡ್ಡದಿದ್ದರೆ ಹೆಚ್ಚಾಗಿ ಹೋಗುವುದು 200 ಸೇರು ಭತ್ತ. ಯಾರೂ ಕನ್ನ ಹಾಕಲಿಲ್ಲ, ಯಾರೂ ಹೊಡೆದು ಕಿತ್ತುಕೊಳ್ಳಲಿಲ್ಲ. ಎಲ್ಲರ ಕಣ್ಣೆದುರು, ಹಗಲಿನಲ್ಲಿ, ಅಳೆದೇ ಹೋಯಿತು. ಒಂದು ಸಂಸಾರ ಎಷ್ಟು ತಿಂಗಳು ಉಣ್ಣುವ ಅನ್ನ ಅದು ಎಂದು ಕೇಳಿದರೆ ಹುಡುಗರು ಬಾಯಿಬಿಟ್ಟು ನೋಡುತ್ತಿದ್ದರು. ಗಣಿತದ ಮೇಷ್ಟ್ರು ನನ್ನನ್ನು ರೇಗಿಸುತ್ತಿದ್ದರು, ನನ್ನ ಪಾಠಕ್ಕೂ ಕೈ ಹಾಕಿದಿರಾ ಎಂದು.

ಮುಖ್ಯವಾದ ಸಂಗತಿ ಏನೆಂದರೆ, ಆ ಕೊಳಗ ಸರಿಯಿಲ್ಲ ಎಂದು ಮೊದಲು ಎದ್ದುನಿಂತವರು ಗೋಪಾಲಗೌಡರಲ್ಲ. ಕಾಗೋಡಿನ ರೈತರೇ. ಅವರನ್ನು ಒಟ್ಟು ಸೇರಿಸಿ ಸಾಗರ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿದ್ದವರು ಎಚ್. ಗಣಪತಿಯಪ್ಪನವರು. ಅಳತೆ ಸರಿಯಾಗಲಿ, ಕೊಟ್ಟದ್ದಕ್ಕೆ ರಶೀದಿ ಸಿಗಲಿ, ಬಿಟ್ಟಿ ಚಾಕರಿ ನಿಲ್ಲಲಿ ಎಂದು ಕೇಳುವುದನ್ನು ಅವರು ಕಲಿಸಿದ್ದರು. ಕೇಳಿದ್ದಕ್ಕೆ ಸಿಕ್ಕ ಉತ್ತರ, ಗದ್ದೆ ಬಿಟ್ಟು ಏಳಿ ಎಂಬುದು. ಆಗ 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗಳಿಗೇ ಇಳಿದರು. ಒಂದು ತಂಡವನ್ನು ಪೊಲೀಸರು ಹಿಡಿದುಕೊಂಡು ಹೋದರೆ ಮರುದಿನ ಇನ್ನೊಂದು ತಂಡ ಇಳಿಯುತ್ತಿತ್ತು. ಹೆಂಗಸರೂ ಇಳಿದರು. ಏಟು ತಿಂದರು, ನೂರಾರು ಜನ ಜೈಲು ಸೇರಿದರು. ಕೈಯೆತ್ತಿ ಹೊಡೆದವರಿಲ್ಲ, ಗಾಂಧೀಜಿಯ ದಾರಿ ಬಿಡಲಿಲ್ಲ. ಅಕ್ಷರ ಗೊತ್ತಿಲ್ಲದ ಜನ ಅವರು ಎಂಬುದನ್ನು ಮರೆಯಬಾರದು.

ಚಳವಳಿ ಕಾವೇರಿದಾಗ ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಗೋಪಾಲಗೌಡರಿಗೆ ಆಗ ಇಪ್ಪತ್ತೆಂಟು. ಊರೂರು ಸುತ್ತಿದರು, ಭಾಷಣ ಮಾಡಿದರು, ಜೈಲಿಗೂ ಹೋದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದಾಗ ಕಾಗೋಡಿನ ಹೆಸರು ದೇಶದ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷ ಜುಲೈ 13ಕ್ಕೆ ಇತ್ತ ಬೆಂಗಳೂರಿನಲ್ಲಿ ಪ್ರಧಾನಿ ನೆಹರೂ ಅವರು ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದರು. ವಿಧಾನಸೌಧವನ್ನು ನಾನೂ ಮೆಚ್ಚಿ ನೋಡಿದವನೇ, ಮಕ್ಕಳಿಗೆ ತೋರಿಸಿದವನೇ. ಆದರೂ ಆ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ ಆ ಕಟ್ಟಡವನ್ನು ಮೊದಲಿನ ಹಾಗೆ ನೋಡಲು ನನಗೆ ಆಗಿಲ್ಲ.

ಕಾಗೋಡು ಗೆದ್ದಿತೆ? ಆ ವರ್ಷ ಗೆಲ್ಲಲಿಲ್ಲ. 1952ರಲ್ಲಿ ಒಂದು ಗೇಣಿ ಕಾನೂನು ಬಂತು, ಕಾಗದದ ಮೇಲೆ ಒಂದಿಷ್ಟು ರಕ್ಷಣೆ ಕೊಟ್ಟಿತು. ಗದ್ದೆ ಉಳುವವನ ಹೆಸರಿಗೆ ಬರಲು ಇನ್ನೂ ಎರಡು ದಶಕ ಕಾಯಬೇಕಾಯಿತು. ಆ ಚಳವಳಿ ಯಾರದು, ರೈತ ಸಂಘದ್ದೋ ಸಮಾಜವಾದಿಗಳದ್ದೋ ಎಂಬ ಚರ್ಚೆಯೂ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ ಅದು ಗದ್ದೆಗೆ ಇಳಿದವರದು. ಮುಂದಾಳುಗಳು ಆಮೇಲೆ ಬಂದರು. ಗೋಪಾಲಗೌಡರ ದೊಡ್ಡತನ ಇರುವುದು ಅವರು ಅದನ್ನು ಹುಟ್ಟಿಸಿದರು ಎನ್ನುವುದರಲ್ಲಿ ಅಲ್ಲ. ಅಲ್ಲಿ ಕಂಡದ್ದನ್ನು ಅವರು ಸಾಯುವ ತನಕ ಮರೆಯಲಿಲ್ಲ, ಅದರಲ್ಲಿದೆ.

ಮರುವರ್ಷ ದೇಶದ ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರಕ್ಕೆ ಗೋಪಾಲಗೌಡರು ನಿಂತರು. ಎದುರಿಗೆ ಕಾಂಗ್ರೆಸ್ಸು, ಅದರ ಹಿಂದೆ ಜಮೀನುಳ್ಳವರು. ಇವರ ಜೇಬಿನಲ್ಲಿ ಕಾಸಿಲ್ಲ. ಆಗ ಹುಟ್ಟಿದ್ದು ಒಂದು ವೋಟು, ಒಂದು ನೋಟು ಎಂಬ ಪದ್ಧತಿ. ಮತ ಕೊಡುವವರು ಒಂದು ರೂಪಾಯಿಯನ್ನೂ ಕೊಡಬೇಕು. ಇಂದಿನವರಿಗೆ ಇದು ತಮಾಷೆಯಾಗಿ ಕಾಣಬಹುದು, ಯಾಕೆಂದರೆ ಈಗ ನೋಟು ಬೇರೆ ದಿಕ್ಕಿನಲ್ಲಿ ಓಡಾಡುತ್ತದೆ. ಆ ಕಾಲದ ಕೂಲಿಗಾರನಿಗೆ ಒಂದು ರೂಪಾಯಿ ಸಣ್ಣದಲ್ಲ. ಅದನ್ನು ಕೊಟ್ಟವನು ಮತಪೆಟ್ಟಿಗೆಗೆ ಚೀಟಿ ಹಾಕಿ ಮನೆಗೆ ಹೋಗಿ ಮಲಗುವುದಿಲ್ಲ. ನನ್ನ ರೂಪಾಯಿ ಏನಾಯಿತು ಎಂದು ಕೇಳುತ್ತಾನೆ. ಗೆದ್ದವನೂ ಹಣವಂತನ ಮನೆಯ ಬಾಗಿಲು ಕಾಯಬೇಕಾಗಿಲ್ಲ, ಯಾಕೆಂದರೆ ಅವನ ಋಣ ಸಾವಿರ ಮನೆಗಳಿಗೆ ಹಂಚಿಹೋಗಿದೆ. ಗೋಪಾಲಗೌಡರು ಗೆದ್ದರು. ಗೇಣಿದಾರರ ಪರ ಜೈಲಿಗೆ ಹೋದವನು, ಗೇಣಿದಾರರದೇ ರೂಪಾಯಿಯಿಂದ ಶಾಸನಸಭೆಗೆ ಹೋದ. ದುಡ್ಡು ಖರ್ಚು ಮಾಡದೆ ಗೆದ್ದವರ ಕಥೆ ಹೇಳು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಮೂರು ಸಲ ಶಾಸಕರಾದರೂ ಒಂದು ದಿನವೂ ಮಂತ್ರಿಯಾಗಲಿಲ್ಲ, ಆಳುವ ಪಕ್ಷದ ಬೆಂಚಿನಲ್ಲಿ ಕೂರಲಿಲ್ಲ. ಅವರ ಪಕ್ಷವೇ ಹಲವು ಸಲ ಒಡೆಯಿತು, ಸೇರಿತು, ಮತ್ತೆ ಒಡೆಯಿತು. 1960ರ ದಶಕದಲ್ಲಿ ದೇಶದ ಎಷ್ಟೋ ಹೆಸರಾಂತ ಸಮಾಜವಾದಿಗಳು ಕಾಂಗ್ರೆಸ್ ಸೇರಿಕೊಂಡರು. ಇವರು ಹೋಗಲಿಲ್ಲ.

ಸಭೆಯಲ್ಲಿ ಅವರ ಸಿಟ್ಟು ಪ್ರಸಿದ್ಧ. ಮಾತು ಒರಟಾಗುತ್ತಿತ್ತು, ಗಲಾಟೆಯೂ ಆಗುತ್ತಿತ್ತು. ಇದನ್ನು ಮುಚ್ಚಿಡಬೇಕಾಗಿಲ್ಲ, ಮಾದರಿ ಎಂದು ಮಕ್ಕಳಿಗೆ ಹೇಳಬೇಕಾಗಿಯೂ ಇಲ್ಲ. ಆದರೆ ಆ ಸಿಟ್ಟು ಯಾವುದರ ಮೇಲೆ ಎಂದು ನೋಡಬೇಕು. ಜನರ ದುಡ್ಡಿನಲ್ಲಿ ನಡೆಯುವ ಸಭೆ ಜನಕ್ಕೆ ತಿಳಿಯದ ಭಾಷೆಯಲ್ಲಿ ನಡೆಯುವುದು ಅವರಿಗೆ ಸಹಿಸುತ್ತಿರಲಿಲ್ಲ. ಆಡಳಿತ ಕನ್ನಡದಲ್ಲಿ ಆಗಬೇಕು ಎಂದು ಮತ್ತೆ ಮತ್ತೆ ಕೇಳಿದರು. ಇದನ್ನು ಬರೀ ಭಾಷಾಭಿಮಾನ ಎಂದು ತಿಳಿದರೆ ಅವರನ್ನು ಅರ್ಧ ತಿಳಿದ ಹಾಗೆ. ತಾಲ್ಲೂಕು ಕಚೇರಿಯ ಕಾಗದ ಇಂಗ್ಲಿಷಿನಲ್ಲಿ ಇದ್ದರೆ ಅದನ್ನು ಓದಿ ಹೇಳುವವನೊಬ್ಬ ಬೇಕಾಗುತ್ತದೆ, ಓದಿ ಹೇಳುವವನು ಯಜಮಾನನಾಗುತ್ತಾನೆ. ಕೊಳಗದ ಲೆಕ್ಕವೇ ಇದು, ಪಾತ್ರೆ ಬೇರೆ ಅಷ್ಟೆ. ಅವರ ಬಳಗದ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ್ದು ಈ ಹಿನ್ನೆಲೆಯಲ್ಲೇ.

ಕರ್ನಾಟಕ ಏಕೀಕರಣದ ವಿಷಯದಲ್ಲೂ ಹಾಗೆಯೇ. ಹಳೆ ಮೈಸೂರಿನ ಎಷ್ಟೋ ಮುಖಂಡರಿಗೆ ಉತ್ತರದ ಜಿಲ್ಲೆಗಳು ಸೇರಿದರೆ ತಮ್ಮ ಹಿಡಿತ ತಪ್ಪುತ್ತದೆ ಎಂಬ ಅಳುಕು. ಗೋಪಾಲಗೌಡರು ಹಳೆ ಮೈಸೂರಿನವರೇ ಆದರೂ ಏಕೀಕರಣದ ಪರ ನಿಂತರು. 1956ರಲ್ಲಿ ಒಂದಾದ ಮೇಲೆ ನಾಡಿಗೆ ಕರ್ನಾಟಕ ಎಂದೇ ಹೆಸರಿಡಬೇಕು ಎಂದರು.

1961ರ ಭೂಸುಧಾರಣೆ ಕಾನೂನು ಜಾರಿಗೆ ಬಂದದ್ದೇ 1965ರಲ್ಲಿ. ಅಷ್ಟು ವರ್ಷ ಸಿಕ್ಕಿದರೆ ಜಮೀನುಳ್ಳವರು ಸುಮ್ಮನಿರುತ್ತಾರೆಯೆ? ಹೆಸರು ಬದಲಾಯಿಸಿದರು, ಗೇಣಿದಾರರನ್ನು ಎಬ್ಬಿಸಿದರು, ಸ್ವಂತ ಸಾಗುವಳಿ ಎಂದು ಬರೆಸಿದರು. ಕಾನೂನು ಮಾಡುವವರಲ್ಲೇ ಜಮೀನುಳ್ಳವರು ತುಂಬಿರುವಾಗ ಕಾನೂನಿನಲ್ಲಿ ಕಿಂಡಿ ಉಳಿಯುವುದು ಅಚಾತುರ್ಯದಿಂದ ಅಲ್ಲ ಎಂಬುದು ಗೋಪಾಲಗೌಡರಿಗೆ ಚೆನ್ನಾಗಿ ಗೊತ್ತಿತ್ತು. ಅಧಿಕಾರದಲ್ಲಿ ಇರುವವರ ಒಳ್ಳೆಯತನವನ್ನು ನಂಬಿ ಕೂರಬೇಡಿ ಎಂಬ ಅರ್ಥದ ಮಾತನ್ನು ಅವರು ಬದುಕಿನುದ್ದಕ್ಕೂ ಬೇರೆ ಬೇರೆ ರೀತಿಯಲ್ಲಿ ಹೇಳಿದರು. ಹಾಗೆಂದು ಮೇಲಿರುವವರೆಲ್ಲ ಕೆಟ್ಟವರು ಎಂದು ಸಾರಿಕೊಂಡು ಮನೆಯಲ್ಲಿ ಕೂರುವ ಜಾತಿಯವರೂ ಅಲ್ಲ. ಈ ಎರಡನೆಯದು ನಮ್ಮಲ್ಲಿ ಬಹಳ. ಅರಳಿಕಟ್ಟೆಯಲ್ಲಿ ಕೂತು ಎಲ್ಲರೂ ಕಳ್ಳರು ಎನ್ನುವುದು ಸುಲಭ, ಖರ್ಚಿಲ್ಲ.

ಅವರಿಗೆ ಸಾಹಿತ್ಯದ ಹುಚ್ಚು. ವಚನಗಳು, ಕುವೆಂಪು, ಬೇಂದ್ರೆ, ಅಡಿಗರು. ಬರಹಗಾರರು ಅವರ ಸುತ್ತ ಇರುತ್ತಿದ್ದರು. ಯು.ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಗೆ ಅವರ ಬದುಕೇ ಪ್ರೇರಣೆ ಎಂಬುದು ಎಲ್ಲರಿಗೂ ತಿಳಿದದ್ದು. ಅದು ಸಿನಿಮಾ ಆಗಿ ಅನಂತನಾಗ್ ಅಭಿನಯಿಸಿದ್ದಾರೆ. ಕಾದಂಬರಿಯನ್ನು ಜೀವನಚರಿತ್ರೆ ಎಂದು ಓದಬಾರದು, ಅಷ್ಟು ಎಚ್ಚರ ಇಟ್ಟುಕೊಂಡು ಓದಬಹುದು.

ಕೊನೆಯ ವರ್ಷಗಳು ಕಾಯಿಲೆಯಲ್ಲಿ ಹೋದವು. ಅಷ್ಟು ಗಟ್ಟಿ ದನಿಯ ಮನುಷ್ಯ ಹಾಸಿಗೆ ಹಿಡಿದರು. 1972ರ ಚುನಾವಣೆಗೆ ನಿಲ್ಲುವ ಸ್ಥಿತಿಯಲ್ಲಿ ಇರಲಿಲ್ಲ. ತೀರ್ಥಹಳ್ಳಿಯಲ್ಲಿ ಅವರ ಪಕ್ಷದ ಕೋಣಂದೂರು ಲಿಂಗಪ್ಪನವರು ನಿಂತು ಗೆದ್ದರು. ಆ ವರ್ಷ ಜೂನ್ 9ಕ್ಕೆ ಗೋಪಾಲಗೌಡರು ತೀರಿಕೊಂಡರು. ವಯಸ್ಸು ನಲವತ್ತೊಂಬತ್ತು. ನಾನು ನಿವೃತ್ತನಾದಾಗ ಇದ್ದ ವಯಸ್ಸಿಗಿಂತ ಹನ್ನೊಂದು ವರ್ಷ ಕಡಿಮೆ. ಆಸ್ತಿ ಎಂದು ಹೇಳುವಂಥದ್ದೇನೂ ಬಿಟ್ಟುಹೋಗಲಿಲ್ಲ.

ಅವರು ಹೋಗುವ ಮೂರು ತಿಂಗಳ ಮುಂಚೆ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದರು. ಅರಸರಿಗೆ ಗೋಪಾಲಗೌಡರ ಮೇಲೆ ಗೌರವವಿತ್ತು. ಗೇಣಿಪದ್ಧತಿಯನ್ನೇ ತೆಗೆದುಹಾಕುವ ತಿದ್ದುಪಡಿ ಕಾನೂನು 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಉಳುವವನು ಫಾರಂ ನಂಬರ್ 7 ತುಂಬಿ ಕೊಡಬೇಕು, ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಿಸಿ ತೀರ್ಮಾನ ಕೊಡುತ್ತದೆ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಅಧಿಕಾರಿಗಳಲ್ಲದ ಸದಸ್ಯರು. ಅಲ್ಲಿ ವಕೀಲರಿಗೆ ಪ್ರವೇಶ ಇಟ್ಟಿರಲಿಲ್ಲ. ಕೋಟು ಹಾಕಿದವರ ಮಾತಿನ ಮುಂದೆ ರೈತ ತಬ್ಬಿಬ್ಬಾಗಬಾರದು, ತನ್ನ ಮಾತು ತಾನೇ ಹೇಳಲಿ, ಅಕ್ಕಪಕ್ಕದ ಹೊಲದವರು ಸಾಕ್ಷಿ ಹೇಳಲಿ ಎಂಬ ಏರ್ಪಾಡು. ದೊಡ್ಡ ಕೋರ್ಟಿನ ನ್ಯಾಯಕ್ಕಿಂತ ಊರು ಕಂಡ ನ್ಯಾಯ ಬೇಗ ಸಿಕ್ಕೀತು ಎಂಬ ನಂಬಿಕೆ ಅದರಲ್ಲಿತ್ತು. ಆ ಸದಸ್ಯರನ್ನು ಸರ್ಕಾರವೇ ನೇಮಿಸುತ್ತಿದ್ದುದರಿಂದ ಎಷ್ಟೋ ಕಡೆ ಆಳುವ ಪಕ್ಷದವರೇ ತುಂಬಿಕೊಂಡರು ಎಂಬುದೂ ನಿಜ. ಗೇಣಿ ಚೀಟಿಯೂ ಇಲ್ಲದ ಕೂಲಿಗಾರರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ಸಿಕ್ಕಿದ್ದು ಕಡಿಮೆ ಎಂಬುದೂ ನಿಜ. ಆದರೂ ಮಲೆನಾಡು, ಕರಾವಳಿಗಳಲ್ಲಿ ಲಕ್ಷಗಟ್ಟಲೆ ಮನೆಗಳ ಹಣೆಬರಹ ಬದಲಾಯಿತು. ಕಾಗೋಡಿನಲ್ಲಿ ಗದ್ದೆಗೆ ಇಳಿದವರಲ್ಲಿ ಬದುಕಿದ್ದವರು ಅದನ್ನು ಕಂಡರು. ಗೋಪಾಲಗೌಡರು ಕಾಣಲಿಲ್ಲ.

ಈ ಫಾರಂ ನಂಬರ್ 7 ನಮ್ಮ ಹಿರಿಯರಿಗೂ ಹೊಸದಲ್ಲ. ಕೆಂಗೇರಿ ಹೋಬಳಿಯ ನಮ್ಮ ಕಡೆಯ ಹಳ್ಳಿಗಳಿಂದಲೂ ಬೆಂಗಳೂರು ದಕ್ಷಿಣ ತಾಲ್ಲೂಕು ಕಚೇರಿಗೆ ಅಲೆದವರಿದ್ದಾರೆ. 1979ರ ಜೂನ್ 30ರ ತನಕ ಅರ್ಜಿ ಕೊಡಲು ಅವಕಾಶವಿತ್ತು. ಆ ವರ್ಷಗಳಲ್ಲಿ ನಮ್ಮ ಶಾಲೆಯ ಮೊದಲ ತಂಡಗಳ ಹುಡುಗರು ಅಪ್ಪಂದಿರ ಅರ್ಜಿ ತುಂಬಿ ಕೊಟ್ಟ ಕಥೆಯನ್ನು ಹಿರಿಯ ಸಹೋದ್ಯೋಗಿಗಳು ಹೇಳುತ್ತಿದ್ದರು. ಮನೆಗೆ ಮೊದಲ ಅಕ್ಷರ ಬಂದದ್ದು ಹಾಗೆ ಉಪಯೋಗಕ್ಕೆ ಬಂತು. ಹೀಗೆ ಬಂದ ಹೊಲಗಳಲ್ಲಿ ಎಷ್ಟು ಉಳಿದಿವೆ ಎಂದು ಕೇಳಬೇಡಿ. ಬಡಾವಣೆಗಳು ಬಂದವು, ರಸ್ತೆಗಳು ಬಂದವು. ರಾಗಿ ಹೊಲ ಇದ್ದ ಕಡೆ ಸೈಟಿನ ಕಲ್ಲುಗಳಿವೆ. ಪಂಚಾಯ್ತಿಯಲ್ಲಿ ಕೂತು ಜಗಳವಾಡುತ್ತಿದ್ದ ಊರು ಮಹಾನಗರದ ವಾರ್ಡಾಯಿತು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಮಗೆ ಕಾರ್ಪೊರೇಟರ್ ಎಂಬುವರೇ ಇರಲಿಲ್ಲ. ಚರಂಡಿ ಕಟ್ಟಿಕೊಂಡರೆ ಯಾರ ಮನೆಗೆ ಹೋಗಿ ಕೂಗಬೇಕು ಎಂಬುದು ಗೊತ್ತಾಗುತ್ತಿರಲಿಲ್ಲ.

ಗೋಪಾಲಗೌಡರ ಜೊತೆಗಾರರು, ಅವರನ್ನು ಮೆಚ್ಚಿಕೊಂಡವರು ಮುಂದೆ ದೊಡ್ಡ ಸ್ಥಾನಗಳಿಗೆ ಹೋದರು. ಬಂಗಾರಪ್ಪನವರು ಮುಖ್ಯಮಂತ್ರಿಯಾದರು, ಪಟೇಲರು ಮುಖ್ಯಮಂತ್ರಿಯಾದರು, ಕಾಗೋಡು ತಿಮ್ಮಪ್ಪನವರು ಸಭಾಧ್ಯಕ್ಷರಾದರು. ಒಳ್ಳೆಯದೇ. ಆದರೆ ಒಂದು ರೂಪಾಯಿ ಕೊಟ್ಟು ವೋಟು ಹಾಕುವ ಪದ್ಧತಿ ಮಾತ್ರ ಅವರೊಂದಿಗೇ ಹೋಯಿತು. ಅದು ಕಷ್ಟದ ದಾರಿ. ಅದಕ್ಕೆ ಊರೂರು ನಡೆಯಬೇಕು, ಲೆಕ್ಕ ಒಪ್ಪಿಸಬೇಕು, ಸೋಲಲು ತಯಾರಿರಬೇಕು.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಮಹೋತ್ಸವ ಸಮಿತಿಯ ಮೊದಲ ಸಭೆಯ ವಿಷಯ ಹೇಳದಿದ್ದರೆ ಈ ಲೇಖನ ಯಾಕೆ ಬರೆದೆ ಎಂಬುದು ಪೂರ್ತಿಯಾಗುವುದಿಲ್ಲ. ಸಭೆಯಲ್ಲಿ ಸುಮಾರು ಎರಡು ಗಂಟೆ ಮಾತಾಯಿತು, ಅದರಲ್ಲಿ ಒಂದೂವರೆ ಗಂಟೆ ಯಾವ ದೊಡ್ಡವರನ್ನು ಕರೆಯಬೇಕು, ಯಾರನ್ನು ಕರೆದರೆ ಯಾರಿಗೆ ಸಿಟ್ಟು ಬರುತ್ತದೆ ಎಂಬುದಕ್ಕೇ ಹೋಯಿತು. ಶಾಲೆಗೆ ಬೇಕಾದ್ದು ಒಂದು ಪುಸ್ತಕಾಲಯದ ಕೊಠಡಿ. ಒಬ್ಬ ಗಣ್ಯರು ಮನಸ್ಸು ಮಾಡಿದರೆ ಒಂದೇ ಕೈಯಲ್ಲಿ ಕಟ್ಟಿಸಿಕೊಡುತ್ತಾರೆ, ನಾವೆಲ್ಲ ಒಂದು ದಿನ ಹಾರ ಹಿಡಿದು ಹೋಗೋಣ ಎಂದರು. ನನಗೆ ಆಟದ ಮೈದಾನದ ಮೂಲೆಯ ಕಲ್ಲು ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಬೇರೊಬ್ಬ ಗಣ್ಯರು ಅದೇ ಕೊಠಡಿಗೆ ಅಡಿಗಲ್ಲು ಹಾಕಿದ್ದರು. ಫೋಟೋ ಆಯಿತು, ಊಟ ಆಯಿತು. ಕಲ್ಲು ಉಳಿದಿದೆ, ಹುಡುಗರು ಅದನ್ನು ವಿಕೆಟ್ ಮಾಡಿಕೊಂಡಿದ್ದಾರೆ.

ನಾನು ಎದ್ದು ಗೋಪಾಲಗೌಡರ ಒಂದು ನೋಟಿನ ಕಥೆ ಹೇಳಿದೆ. ಕೆಲವರು ನಕ್ಕರು. ಮೇಷ್ಟ್ರು ಇನ್ನೂ ಪಾಠ ಬಿಟ್ಟಿಲ್ಲ ಎಂದರು. ಆಗ 1988ರ ತಂಡದ ಒಬ್ಬ ಹೆಣ್ಣುಮಗಳು, ಈಗ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವವಳು, ತನ್ನ ಚೀಲದಿಂದ ನೂರು ರೂಪಾಯಿ ತೆಗೆದು ಮೇಜಿನ ಮೇಲಿಟ್ಟು, ನನಗೆ ರಶೀದಿ ಬೇಕು ಎಂದಳು. ರಶೀದಿ ಪುಸ್ತಕವೇ ಇರಲಿಲ್ಲ. ಮುಖ್ಯ ಶಿಕ್ಷಕಿಯವರು ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಟ್ಟರು. ಗಣ್ಯರ ಪರ ಇದ್ದ ಇಬ್ಬರು ಹಿರಿಯರು ಬೇಸರಪಟ್ಟು ಎದ್ದುಹೋದರು. ಅವರಲ್ಲಿ ಒಬ್ಬರು ವಾರದ ಮೇಲೆ ಬಂದು ಇನ್ನೂರು ಕೊಟ್ಟರು, ಇನ್ನೊಬ್ಬರು ಇನ್ನೂ ಮಾತು ಬಿಟ್ಟಿದ್ದಾರೆ. ಅವರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ನೂರು ನೂರು ಕೂಡಿಸಿ ಚಾವಣಿ ಯಾವಾಗ ಹಾಕುತ್ತೀರಿ ಎಂದು ಅವರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಈಗ ಅಚ್ಚು ಹಾಕಿಸಿದ ರಶೀದಿ ಪುಸ್ತಕವಿದೆ. ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಪ್ರತಿ ತಿಂಗಳು ಮೊದಲ ಸೋಮವಾರ ಶಾಲೆಯ ಗೇಟಿನ ಪಕ್ಕದ ಬೋರ್ಡಿಗೆ ಅಂಟಿಸುತ್ತಿದ್ದಾರೆ. ಬರುವವರು ಹೋಗುವವರು ನಿಂತು ಓದುತ್ತಾರೆ, ತಪ್ಪು ಹಿಡಿಯುತ್ತಾರೆ. ಕಳೆದ ತಿಂಗಳು ಸಿಮೆಂಟಿನ ದರದ ಬಗ್ಗೆ ಒಬ್ಬ ಆಟೋ ಓಡಿಸುವ ಹಳೆಯ ವಿದ್ಯಾರ್ಥಿ ಜಗಳವಾಡಿ, ಮೂಟೆಗೆ ಕಡಿಮೆ ದರದ ಅಂಗಡಿ ತೋರಿಸಿಕೊಟ್ಟ. ಪಾಯ ಮುಗಿದು ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಚಾವಣಿಗೆ ಬೇಕಾದ ಹಣದಲ್ಲಿ ಅರ್ಧವೂ ಆಗಿಲ್ಲ. ನನ್ನ ರಶೀದಿಯ ನಂಬರು 43. ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳು ಶಾಲೆಯ ಕಡೆ ಬಂದಾಗ ಆಫೀಸಿನಲ್ಲಿ ಕೇಳಿದರೆ ಪುಸ್ತಕ ತೆಗೆದುಕೊಡುತ್ತಾರೆ.